ಸ್ಥಾಲೀಪುಲಾಕ ನ್ಯಾಯವೂ ಶಾಲಾ ತಪಾಸಣೆಯೂ

(ಪ್ರಾಥಮಿಕ ಶಿಕ್ಷಕರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ವಕೀಲನಾದವನು ಶಿಕ್ಷಕರ ಸಭೆಯಲ್ಲಿ ನಿಂತು ಶಿಕ್ಷಣದ ವಿಷಯವಾಗಿ ಮಾತನಾಡುವದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಪಾಠವನ್ನು ಹೇಗೆ ಹೇಳಬೇಕೆಂಬುದನ್ನು ತಮಗೆ ತಿಳಿಸಲು ನಾನು ಬಂದಿಲ್ಲ. ಆ ಧೈರ್ಯವು ನನಗಿಲ್ಲ. ಆದರೆ ಸಾಕ್ಷಿಯ ಬೆಲೆ ಎಷ್ಟು, ಎಂಥ ಪುರಾವೆಯ ಮೇಲೆ ಎಂಥ ತೀರ್ಪನ್ನು ಕೊಡಬಹುದು ಎಂಬುದನ್ನು ತೂಗಿ ನೋಡುವದೇ ನನ್ನ ವೃತ್ತಿ. ಅಧಿಕಾರಿಗಳೊಬ್ಬರು ತಮ್ಮ ವರ್ಗಕ್ಕೆ ಬಂದು, ಅರ್ಧ ತಾಸು ಕುಳಿತು, ಷರಾ ಬರೆದು ಹೋಗುವರಷ್ಟೆ. ಆ ಷರಾ ಎಷ್ಟರ ಮಟ್ಟಿಗೆ ನಂಬತಕ್ಕದ್ದು? ಅದರ ಮೇಲಿಂದ ಒಬ್ಬ ಶಿಕ್ಷಕನ ವರುಷದ ಕೆಲಸದ ಬೆಲೆಯನ್ನು ಕಟ್ಟಬಹುದೋ? ಈ ಒಂದೇ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡುವೆನು.

ಈ ಪ್ರಶ್ನೆಯು ನನ್ನ ಮನಸ್ಸನ್ನು ಹೊಕ್ಕದ್ದು ಗ್ರಂಥಗಳಿಂದಲ್ಲ. ಕೆಲವು ವರುಷಗಳ ಹಿಂದೆ ಹಳ್ಳಿಯ ಶಾಲೆಯ ಶಿಕ್ಷಕಿಯೊಬ್ಬರು ನನ್ನ ಕಚೇರಿಗೆ ಬಂದರು. ಅವರ ಕೈಯಲ್ಲಿ ಒಂದು ನೋಟೀಸು. ಅದರ ಸಂಗಡ ತಪಾಸಣೆಯ ಷರಾದ ಪ್ರತಿ. "ವರ್ಗದಲ್ಲಿ ಶಿಸ್ತಿಲ್ಲ. ಮಕ್ಕಳು ಗದ್ದಲ ಮಾಡುತ್ತಿದ್ದರು. ಬೋಧನೆ ತೃಪ್ತಿಕರವಲ್ಲ." ಇಷ್ಟೇ, ಮೂರು ವಾಕ್ಯಗಳು. ಬರೆದವರು ವರ್ಗದಲ್ಲಿ ಕುಳಿತದ್ದು ಇಪ್ಪತ್ತು ನಿಮಿಷ. ಆ ತಾಯಿಯು ಒಂದು, ಎರಡು, ಮೂರನೆಯ ಇಯತ್ತೆಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ನಲಿ-ಕಲಿ ಪದ್ಧತಿಯಿಂದ ಕಲಿಸುತ್ತಿದ್ದರು. ಈ ಪದ್ಧತಿಯು ೧೯೯೫ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ, ಮುಂದೆ ನಾಡಿನ ಸರಕಾರಿ ಶಾಲೆಗಳಲ್ಲೆಲ್ಲ ಹಬ್ಬಿದ್ದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಇದರಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಿಂದ ಕಲಿಯುವರು. ಬಲ್ಲ ಮಗು ಬಾರದ ಮಗುವಿಗೆ ಹೇಳಿಕೊಡುವದು. ಮಾತಿಲ್ಲದೆ ಆ ಕೆಲಸವು ನಡೆಯಲಾರದು. ಶಿಕ್ಷಕಿಯು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ವಕೀಲ ಸಾಹೇಬರೇ, ಅವರಿಗೆ ಗದ್ದಲವೆಂದು ಕೇಳಿಸಿದ್ದೇ ನನ್ನ ಮಕ್ಕಳ ಪಾಠವಾಗಿತ್ತು."

ಆ ಅಧಿಕಾರಿಗಳು ಸುಳ್ಳು ಬರೆದರೆಂದು ನಾನು ಹೇಳುವದಿಲ್ಲ. ಅವರು ಪ್ರಾಮಾಣಿಕರೇ ಇದ್ದಿರಬಹುದು. ಪ್ರಾಮಾಣಿಕನಾದ ಸಾಕ್ಷಿಯೂ ತಪ್ಪಬಹುದೆಂಬುದು ನ್ಯಾಯಸ್ಥಾನದಲ್ಲಿ ದಿನನಿತ್ಯದ ಅನುಭವ. ಕಣ್ಣು ನೋಡುವದು ಕಣ್ಣ ಮುಂದಿನ ವಸ್ತುವನ್ನು ಮಾತ್ರವಲ್ಲ. ಮನಸ್ಸು ಮೊದಲೇ ನೋಡಬೇಕೆಂದಿದ್ದುದನ್ನೂ ಅದು ನೋಡುವದು. ಒಳ್ಳೆಯ ವರ್ಗವೆಂದರೆ ಮೌನವಾದ ವರ್ಗವೆಂದು ಬಾಲ್ಯದಿಂದ ನಂಬಿದವರಿಗೆ ನಲಿ-ಕಲಿಯ ಕೋಣೆಯು ಸಂತೆಯಂತೆ ತೋರಿದರೆ ಸೋಜಿಗವೇನು?

ತಪಾಸಣೆಯ ಪಕ್ಷದವರು ಒಂದು ಹಳೆಯ ದೃಷ್ಟಾಂತವನ್ನು ಮುಂದೊಡ್ಡುವದುಂಟು. ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲಿಕ್ಕೆ ಪಾತ್ರೆಯ ಅಗುಳುಗಳನ್ನೆಲ್ಲ ಹಿಸುಕಬೇಕಾಗಿಲ್ಲ, ಒಂದಗುಳು ಸಾಕು. ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ನ್ಯಾಯವೇನೋ ಸರಿಯಾದದ್ದೇ. ಆದರೆ ಅದು ಏತಕ್ಕೆ ಸರಿಯಾಯಿತು? ಆ ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಬೆಂದುವೆಂದು. ಶಿಕ್ಷಕನ ವರುಷವು ಹೀಗೆ ಬೇಯುವದಿಲ್ಲ. ಸೋಮವಾರದ ಗಣಿತವು ಒಂದು, ಶುಕ್ರವಾರದ ಪದ್ಯವು ಇನ್ನೊಂದು. ಸುಗ್ಗಿಯ ಕಾಲದಲ್ಲಿ ಅರ್ಧ ವರ್ಗವು ಹೊಲದಲ್ಲಿರುವದು, ಜಾತ್ರೆಯ ಮರುದಿನ ಇದ್ದ ಮಕ್ಕಳೂ ತೂಕಡಿಸುವರು. ಮೇಲಾಗಿ ಅಗುಳನ್ನು ಹಿಸುಕುವ ಬೆರಳುಗಳೂ ಬೇರೆ ಬೇರೆ. ಒಬ್ಬರ ಬೆರಳಿಗೆ ಮೆತ್ತಗಾದದ್ದು ಇನ್ನೊಬ್ಬರ ಬೆರಳಿಗೆ ಗಟ್ಟಿ. ಆದುದರಿಂದ ಇಲ್ಲಿ ಎರಡು ಸಂದೇಹಗಳು ಹುಟ್ಟುವವು: ಆರಿಸಿದ ಅಗುಳು ಪಾತ್ರೆಯ ಪ್ರತಿನಿಧಿಯೋ? ಹಿಸುಕಿದ ಬೆರಳು ನಂಬತಕ್ಕದ್ದೋ?

ಈ ಎರಡು ಸಂದೇಹಗಳನ್ನು ತರ್ಕದಿಂದಷ್ಟೇ ಅಲ್ಲದೆ ಲೆಕ್ಕದಿಂದ ಪರೀಕ್ಷಿಸಿದವರುಂಟು. ೨೦೦೯ರಿಂದ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ದ್ರವ್ಯಸಹಾಯದಿಂದ ಒಂದು ದೊಡ್ಡ ಶೋಧವು ನಡೆಯಿತು. ತಾವಾಗಿ ಮುಂದೆ ಬಂದ ಸುಮಾರು ೩೦೦೦ ಶಿಕ್ಷಕರು ಅದರಲ್ಲಿ ಸೇರಿದರು. ಅವರ ಪಾಠಗಳನ್ನು ಚಿತ್ರೀಕರಿಸಿ, ತರಬೇತಿ ಹೊಂದಿದವರಿಂದ ಅಂಕ ಹಾಕಿಸಿದರು. ಅದರ ಅಂಗವಾಗಿಯೇ ಆಂಡ್ರ್ಯೂ ಹೋ, ಥಾಮಸ್ ಕೇನ್ ಎಂಬ ಇಬ್ಬರು ವಿದ್ವಾಂಸರು ಫ್ಲಾರಿಡಾ ಪ್ರಾಂತದ ಹಿಲ್ಸ್‌ಬರೊ ಜಿಲ್ಲೆಯಲ್ಲಿ ೬೭ ಶಿಕ್ಷಕರ ಪಾಠಗಳನ್ನು ೧೨೯ ಜನ ವೀಕ್ಷಕರಿಂದ ತೂಗಿಸಿ, ೨೦೧೩ರಲ್ಲಿ ವರದಿಯನ್ನು ಪ್ರಕಟಿಸಿದರು. ಆ ವೀಕ್ಷಕರು ಹೊರಗಿನವರಲ್ಲ. ಆ ಜಿಲ್ಲೆಯ ಶಾಲಾ ಮುಖ್ಯಸ್ಥರು ಮತ್ತು ಅನುಭವವುಳ್ಳ ಸಹಶಿಕ್ಷಕರು. ಒಬ್ಬೊಬ್ಬರೂ ೨೪ ಪಾಠಗಳನ್ನು ನೋಡಿದರು. ಅವರು ಕಂಡುಕೊಂಡ ಸಂಗತಿಗಳನ್ನು ಒಂದೊಂದಾಗಿ ಹೇಳುವೆನು. ತಾವು ಲಕ್ಷ್ಯಗೊಟ್ಟು ಕೇಳಬೇಕು.

ಮೊದಲನೆಯದು: ಒಬ್ಬ ವೀಕ್ಷಕನು ಒಂದೇ ಪಾಠವನ್ನು ನೋಡಿ ಕೊಟ್ಟ ಅಂಕದಲ್ಲಿ ಶಿಕ್ಷಕನ ನಿಜವಾದ ಯೋಗ್ಯತೆಯ ಸಂಗಡ, ಆ ದಿನದ ಪಾಠದ ವಿಶೇಷವೂ ನೋಡಿದವನ ಸ್ವಭಾವವೂ ಬಹುವಾಗಿ ಕಲೆತಿರುವವು. ಅದೊಂದನ್ನೇ ನೆಚ್ಚಿ ದೊಡ್ಡ ನಿರ್ಣಯವನ್ನು ಮಾಡುವದು ಭದ್ರವಲ್ಲ.

ಎರಡನೆಯದು: ಅದೇ ವೀಕ್ಷಕನು ಮತ್ತೊಂದು ಪಾಠವನ್ನು ನೋಡಿದರೆ ಭರವಸೆಯು ಸ್ವಲ್ಪ ಹೆಚ್ಚುವದು, ಆ ಮತ್ತೊಂದು ಪಾಠವನ್ನು ಬೇರೊಬ್ಬನು ನೋಡಿದರೆ ಇನ್ನೂ ಹೆಚ್ಚು ಹೆಚ್ಚುವದು. ಒಮ್ಮೆ ಮನಸ್ಸಿನಲ್ಲಿ ಮೂಡಿದ ಒಳ್ಳೆಯ ಇಲ್ಲವೆ ಕೆಟ್ಟ ಅಭಿಪ್ರಾಯವು ಎರಡನೆಯ ಸಲವೂ ಕಣ್ಣಿಗೆ ಅಂಟಿಕೊಂಡೇ ಇರುವದಷ್ಟೆ. ಅಂದರೆ ಒಬ್ಬರೇ ನಾಲ್ಕು ಸಲ ಬರುವದಕ್ಕಿಂತ ಬೇರೆ ಬೇರೆಯವರು ಬರುವದರಲ್ಲಿ ಹೆಚ್ಚಿನ ನ್ಯಾಯವಿದೆ.

ಮೂರನೆಯದು: ವೀಕ್ಷಕರು ತೀರ ಮೇಲಿನ ಅಂಕವನ್ನಾಗಲಿ ತೀರ ಕೆಳಗಿನ ಅಂಕವನ್ನಾಗಲಿ ಅಪರೂಪಕ್ಕೆ ಮಾತ್ರ ಕೊಟ್ಟರು. ಬಹುಜನ ಶಿಕ್ಷಕರು ನಡುವೆ ಒತ್ತೊತ್ತಾಗಿ ನಿಂತರು. ಹೀಗಿರುವಾಗ ಅರ್ಧ ಅಂಕದ ಅಂತರವನ್ನು ಹಿಡಿದು ಒಬ್ಬನನ್ನು ಮೇಲೇರಿಸುವದು, ಇನ್ನೊಬ್ಬನನ್ನು ಕೆಳಗಿಳಿಸುವದು ಎಂಥ ವಿವೇಕ?

ನಾಲ್ಕನೆಯದನ್ನು ಹೇಳುವ ಮುಂಚೆ ನನ್ನ ಬಾಲ್ಯದ ಒಂದು ಸಂಗತಿ. ನಮ್ಮೂರ ಶಾಲೆಗೆ ಸಾಹೇಬರು ಬರುವರೆಂದರೆ ಹಿಂದಿನ ದಿನವೇ ಸಾರಣೆ, ತೋರಣ, ಮಡಿಬಟ್ಟೆ. ನಮ್ಮ ಮಾಸ್ತರರು ನಿನ್ನೆ ಹೇಳಿದ ಪಾಠವನ್ನೇ ಇಂದು ಹೊಸದರಂತೆ ಹೇಳುವರು. ನಮಗೊಂದು ಗುಟ್ಟಿನ ಅಪ್ಪಣೆಯಿತ್ತು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು, ಉತ್ತರ ಬಂದವರು ಬಲಗೈ, ಬಾರದವರು ಎಡಗೈ. ಸಾಹೇಬರು ಕೈಗಳ ಕಾಡನ್ನು ಕಂಡು ಸಂತೋಷಪಟ್ಟು ಹೋಗುವರು. ತಾವು ನಗುತ್ತಿರುವಿರಿ; ಇಲ್ಲಿಯೂ ಎಡಗೈ ಎತ್ತಿದವರು ಕೆಲವರಿರುವಂತೆ ತೋರುತ್ತದೆ. ಇಂಥ ನಾಟಕವಿರುವಾಗ ತಪಾಸಣೆಗೆ ಬೆಲೆಯೇ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಆದರೆ ಹಿಲ್ಸ್‌ಬರೊದಲ್ಲಿ ಶಿಕ್ಷಕರು ತಾವೇ ಆರಿಸಿಕೊಟ್ಟ ಪಾಠಗಳನ್ನೂ ಆರಿಸದೆ ಬಿಟ್ಟ ಪಾಠಗಳನ್ನೂ ಹೋಲಿಸಿ ನೋಡಿದಾಗ ತಿಳಿದದ್ದೇನು? ಆರಿಸಿದ ಪಾಠಗಳಿಗೆ ಅಂಕಗಳು ಹೆಚ್ಚು ಬಂದವು, ನಿಜ. ಆದರೆ ಶಿಕ್ಷಕರ ತರತಮದ ಕ್ರಮವು ಹೆಚ್ಚಾಗಿ ಬದಲಾಗಲಿಲ್ಲ. ಸಿದ್ಧತೆಯಿಂದ ಎಲ್ಲರೂ ಒಂದು ಮೆಟ್ಟಿಲು ಏರುವರು. ಏರಿದ ಮೇಲೂ ಮುಂದಿದ್ದವರು ಮುಂದೆಯೇ, ಹಿಂದಿದ್ದವರು ಹಿಂದೆಯೇ. ಆದುದರಿಂದ ಮುಂಚಿತವಾಗಿ ತಿಳಿಸಿ ಬರುವದರಲ್ಲಿ ನಾವು ಅಂಜುವಷ್ಟು ಕೇಡಿಲ್ಲ. ದೊಡ್ಡ ದೋಷವಿರುವದು ತೋರಣದಲ್ಲಲ್ಲ. ಒಬ್ಬರೇ ನೋಡಿ ಒಮ್ಮೆಲೇ ತೀರ್ಪು ಕೊಡುವದರಲ್ಲಿ. ನನ್ನ ಹಳೆಯ ನಂಬಿಕೆಯನ್ನು ತಿದ್ದಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಾಗಾದರೆ ಹಲವರು ನೋಡಿ ಒಮ್ಮತಕ್ಕೆ ಬಂದರೆ ಅದೇ ಸತ್ಯವೆನ್ನಬಹುದೋ? ಅದೂ ಸಲ್ಲದು. ೨೦೧೧ರಲ್ಲಿ ಅಮೇರಿಕೆಯಲ್ಲಿಯೇ ಪ್ರಕಟವಾದ ಇನ್ನೊಂದು ಶೋಧದಲ್ಲಿ ಪಾಠಗಳ ಚಿಕ್ಕ ಚಿಕ್ಕ ಚಿತ್ರಗಳನ್ನು ಅನೇಕರಿಗೆ ತೋರಿಸಿ, ಇವರಲ್ಲಿ ಯಾರ ಮಕ್ಕಳು ಹೆಚ್ಚು ಕಲಿತರೆಂದು ಕೇಳಿದರು. ನೋಡಿದವರು ತಮ್ಮತಮ್ಮಲ್ಲಿ ಬಹುಮಟ್ಟಿಗೆ ಒಮ್ಮತದಿಂದಿದ್ದರು. ಆದರೂ ನಿಜವಾಗಿ ಹೆಚ್ಚು ಕಲಿಸಿದವರನ್ನು ಗುರುತಿಸಲಾರದೆ ಹೋದರು. ಅನುಭವವುಳ್ಳವರೂ ತಪ್ಪಿದರು. ನಗುಮುಖ, ಗಟ್ಟಿದನಿ, ಚುರುಕು ಓಡಾಟ ಇವೇ ಎಲ್ಲರ ಕಣ್ಣಿಗೂ ಒಳ್ಳೆಯ ಬೋಧನೆಯಾಗಿ ಕಾಣಬಹುದು. ಕಲಿಕೆಯಾದರೋ ಮಗುವಿನ ತಲೆಯೊಳಗೆ ನಡೆಯುವ ಕೆಲಸ; ಅದು ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಕಾಣಿಸುವದಿಲ್ಲ. ಆದುದರಿಂದಲೇ ಆ ದೊಡ್ಡ ಶೋಧವನ್ನು ನಡೆಯಿಸಿದವರು ವೀಕ್ಷಣೆಯೊಂದನ್ನೇ ನಂಬದೆ, ಮಕ್ಕಳ ಕಲಿಕೆಯ ಬೆಳವಣಿಗೆಯನ್ನೂ ಮಕ್ಕಳೇ ಕೊಟ್ಟ ಅಭಿಪ್ರಾಯವನ್ನೂ ಅದರ ಸಂಗಡ ಸೇರಿಸಿ ನೋಡಬೇಕೆಂದರು.

ಇಂಗ್ಲಂಡದ ಕಥೆಯೂ ಬೋಧಪ್ರದವಾಗಿದೆ. ೧೮೬೨ರಲ್ಲಿ ಅಲ್ಲಿ ಫಲಾನುಸಾರ ಧನಸಹಾಯವೆಂಬ ನಿಯಮವು ಬಂದಿತು. ಇನ್ಸ್ಪೆಕ್ಟರನು ಶಾಲೆಗೆ ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುವನು. ತೇರ್ಗಡೆಯಾದ ಮಕ್ಕಳನ್ನು ಎಣಿಸಿ ಸರಕಾರವು ಹಣ ಕೊಡುವದು. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡತೊಡಗಿದರು. ಸ್ವತಃ ಇನ್ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು ಇದರಿಂದ ಬೋಧನೆಯು ಯಾಂತ್ರಿಕವಾಯಿತೆಂದು ವರುಷ ವರುಷವೂ ದೂರಿದನು. ನಮ್ಮ ದೇಶದ ಮುಂಬಯಿ, ಮದ್ರಾಸ ಇಲಾಖೆಗಳಿಗೂ ಈ ಪದ್ಧತಿಯ ನೆರಳು ಬಿದ್ದಿತು. ಭಾರತ ಸರಕಾರದ ೧೯೦೪ರ ಶಿಕ್ಷಣ ನಿರ್ಣಯವು ಅದನ್ನು ಕೈಬಿಟ್ಟಿತು. ಮುಂದೆ ೧೯೯೨ರಲ್ಲಿ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಯನ್ನು ಇಂಗ್ಲಂಡದಲ್ಲಿ ಕಟ್ಟಿದರು. ಅದರ ತಪಾಸಕರು ಪಾಠ ಪಾಠಕ್ಕೂ ದರ್ಜೆ ಹಾಕುತ್ತಿದ್ದರು. ಇದು ನಂಬತಕ್ಕದ್ದಲ್ಲವೆಂಬ ಆಕ್ಷೇಪಣೆಗಳು ಬಲಗೊಂಡ ಬಳಿಕ, ೨೦೧೪ರಲ್ಲಿ ಬಿಡಿ ಪಾಠಗಳಿಗೆ ದರ್ಜೆ ಕೊಡುವದನ್ನು ನಿಲ್ಲಿಸಿದರು. ೨೦೨೪ರಲ್ಲಿ ಇಡಿಯ ಶಾಲೆಗೆ ಒಂದೇ ಶಬ್ದದ ತೀರ್ಪು ಕೊಡುವದನ್ನೂ ನಿಲ್ಲಿಸಿದರು. ನಮ್ಮ ಶಾಲೆಗಳಿಗೆ ತಪಾಸಣೆಯನ್ನು ಕಲಿಸಿದ ದೇಶವೇ ತನ್ನ ಪಾಠವನ್ನು ತಿದ್ದಿಕೊಂಡಿತೆಂಬುದನ್ನು ನಾವು ಮರೆಯಬಾರದು.

ಈಗ ನನ್ನ ವೃತ್ತಿಯ ಮಾತಿಗೆ ಬರುವೆನು. ಒಂದು ಸಂಗತಿಯನ್ನು ಸಿದ್ಧಪಡಿಸಲಿಕ್ಕೆ ಇಂತಿಷ್ಟೇ ಸಾಕ್ಷಿಗಳಿರಬೇಕೆಂಬ ನಿರ್ಬಂಧವಿಲ್ಲೆಂದು ೧೮೭೨ರ ಸಾಕ್ಷ್ಯದ ಕಾಯದೆಯು ಹೇಳಿತ್ತು. ಅದರ ಸ್ಥಾನದಲ್ಲಿ ಬಂದ ೨೦೨೩ರ ಕಾಯದೆಯೂ ಅದನ್ನೇ ಹೇಳುತ್ತದೆ. ಸಾಕ್ಷಿಗಳನ್ನು ತೂಗಬೇಕು, ಎಣಿಸಬಾರದು. ಹಾಗಾದರೆ ಒಬ್ಬ ಅಧಿಕಾರಿಯ ಸಾಕ್ಷಿಯು ಸಾಲದೇಕೆ ಎಂದು ತಾವು ಕೇಳಬಹುದು. ಉತ್ತರವಿಷ್ಟೆ: ಕೋರ್ಟಿನಲ್ಲಿ ಸಾಕ್ಷಿಯು ತಾನು ಕಂಡ ಒಂದು ಘಟನೆಯನ್ನು ಹೇಳುವನೇ ಹೊರತು, ಕಾಣದ ಇನ್ನೂರು ದಿನಗಳ ವಿಷಯವಾಗಿ ಹೇಳುವದಿಲ್ಲ. ಅವನು ಕಂಡದ್ದನ್ನು ಹೇಳಬೇಕು; ಅವನ ಅಭಿಪ್ರಾಯವು ತಜ್ಞನ ಹೊರತು ಬೇರೆಯವರದಾದರೆ ಸಾಮಾನ್ಯವಾಗಿ ಸಲ್ಲದು. ಮತ್ತು ಅವನು ಪಾಟೀಸವಾಲಿಗೆ ಉತ್ತರ ಕೊಡಲೇಬೇಕು. ಷರಾ ಪುಸ್ತಕದ ಸಾಕ್ಷಿಗೆ ಈ ಮೂರೂ ಕಟ್ಟುಗಳಿಲ್ಲ. ಅವನೇ ಸಾಕ್ಷಿ, ಅವನೇ ತಜ್ಞ, ಅವನೇ ನ್ಯಾಯಾಧೀಶ. "ಬೋಧನೆ ತೃಪ್ತಿಕರವಲ್ಲ" ಎಂಬುದು ಕಂಡ ಸಂಗತಿಯಲ್ಲ, ಅದು ಅಭಿಪ್ರಾಯ. "ಇಪ್ಪತ್ತು ನಿಮಿಷಗಳಲ್ಲಿ ಹಿಂದಿನ ಎರಡು ಸಾಲುಗಳ ಒಂದು ಮಗುವನ್ನೂ ಪ್ರಶ್ನಿಸಲಿಲ್ಲ" ಎಂದು ಬರೆದಿದ್ದರೆ ಅದು ಸಂಗತಿಯಾಗುತ್ತಿತ್ತು; ಶಿಕ್ಷಕಿಯು ಅದಕ್ಕೆ ಉತ್ತರವನ್ನಾದರೂ ಕೊಡಬಹುದಾಗಿತ್ತು, ಅದರಿಂದ ಕಲಿಯಲೂಬಹುದಾಗಿತ್ತು.

ಸರಕಾರಿ ನೌಕರನ ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದು ದರ್ಜೆಯನ್ನೂ, ಅದು ಕೆಟ್ಟದ್ದಿರಲಿ ಒಳ್ಳೆಯದಿರಲಿ, ಅವನಿಗೆ ತಿಳಿಸಲೇಬೇಕೆಂದು ದೇವದತ್ತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಹೇಳಿತು. ೨೦೧೩ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಸುಖದೇವಸಿಂಗರ ಮೊಕದ್ದಮೆಯಲ್ಲಿ ಅದನ್ನು ಎತ್ತಿಹಿಡಿಯಿತು. ತಿಳಿಸದೆ ಇಟ್ಟ ಷರಾ ಕತ್ತಲೆಯಲ್ಲಿ ಕೊಟ್ಟ ತೀರ್ಪಿದ್ದಂತೆ. ಶಿಕ್ಷಕ ಬಂಧುಗಳೇ, ಈ ಹಕ್ಕನ್ನು ತಾವು ಅರಿತಿರಬೇಕು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮಾತುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯು ತುಂಬಿಕೊಂಡಿತ್ತು. ಕನ್ನಡದ ಮಗುವಿಗೆ ಕನ್ನಡದಲ್ಲಿಯೇ ಕಲಿಸಬೇಕೆಂದು ದುಡಿದು ಕನ್ನಡ ಶಾಲೆಗಳನ್ನು ಬೆಳೆಯಿಸಿದವರಲ್ಲಿ ಮೊದಲು ನೆನೆಯತಕ್ಕ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಆ 'ಡೆಪ್ಯುಟಿ' ಎಂಬುದು ತಪಾಸಣಾಧಿಕಾರಿಯ ಹುದ್ದೆಯೇ ಎಂಬುದನ್ನು ಗಮನಿಸಿರಿ. ತಪಾಸಣೆಯ ಅಧಿಕಾರವನ್ನೇ ಅವರು ನಾಡನ್ನು ಕಟ್ಟುವ ಸಾಧನವಾಗಿ ಮಾಡಿಕೊಂಡರು. ಮಗುವಿನ ಭಾಷೆಯನ್ನು ಬಲ್ಲ ಕಣ್ಣಿಗೂ ಬಲ್ಲದ ಕಣ್ಣಿಗೂ ಇರುವ ಅಂತರವಿದು. ೧೯೫೬ರಲ್ಲಿ ನಾಡು ಒಂದಾಯಿತು. ಆದರೂ ಕಾಸರಗೋಡು, ಜತ್ತ, ಅಕ್ಕಲಕೋಟೆಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಅಲ್ಲಿಯ ವರ್ಗದಲ್ಲಿ ಕುಳಿತು ಷರಾ ಬರೆಯುವವರಿಗೆ ಕನ್ನಡ ಬರಬೇಕೆಂಬುದು ಭಾಷಾಭಿಮಾನದ ಹಟವಲ್ಲ. ಸಾಕ್ಷಿಯ ಮೊದಲನೆಯ ಅರ್ಹತೆ. ಕೇಳಿದ್ದು ತಿಳಿಯದವನು ಏನನ್ನು ಸಾಕ್ಷಿ ಹೇಳಿಯಾನು?

ಹೀಗೆಂದು ತಪಾಸಣೆಯನ್ನೇ ಕಿತ್ತೊಗೆಯಬೇಕೆಂದು ನಾನು ಹೇಳುವೆನೆಂದು ಯಾರೂ ತಿಳಿಯಬಾರದು. ಬಡವರ ಮಕ್ಕಳು ಓದುವ ಶಾಲೆಯ ಬಾಗಿಲನ್ನು ಯಾರೂ ಇಣಿಕಿ ನೋಡದೆ ಹೋದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಪಾಠ ಹೇಳದ ಶಿಕ್ಷಕನೂ ನಮ್ಮಲ್ಲಿದ್ದಾನೆ. ಅವನನ್ನು ಕಾಯುವದು ನನ್ನ ಉದ್ದೇಶವಲ್ಲ. ನಾನು ಬೇಡುವದು ನಾಲ್ಕೇ ಮಾತು. ಒಂದು, ಒಬ್ಬರ ಒಂದು ಭೆಟ್ಟಿಯಿಂದ ಯಾವ ಶಿಕ್ಷಕನ ಭವಿಷ್ಯವೂ ನಿರ್ಣಯವಾಗಬಾರದು. ವರುಷದಲ್ಲಿ ಬೇರೆ ಬೇರೆ ದಿನಗಳಲ್ಲಿ, ಕನಿಷ್ಠ ಇಬ್ಬರು ನೋಡಿರಬೇಕು. ಎರಡು, ಷರಾದಲ್ಲಿ ವಿಶೇಷಣಗಳ ಬದಲು ಸಂಗತಿಗಳಿರಬೇಕು. ಅದರ ಪಕ್ಕದಲ್ಲಿಯೇ ಶಿಕ್ಷಕನ ಉತ್ತರಕ್ಕೆ ಸ್ಥಳವಿರಬೇಕು. ಮೂರು, ನೋಡುವವರು ಮೊದಲು ಒಂದೇ ಪಾಠವನ್ನು ಕೂಡಿ ನೋಡಿ, ತಮ್ಮ ಅಂಕಗಳನ್ನು ಹೋಲಿಸಿಕೊಂಡು, ತಮ್ಮ ಬೆರಳನ್ನು ತಾವೇ ಪರೀಕ್ಷಿಸಿಕೊಂಡಿರಬೇಕು. ನಾಲ್ಕು, ಸಹಾಯಕ್ಕೆ ಬರುವವರು ಬೇರೆ, ತೀರ್ಪು ಕೊಡುವವರು ಬೇರೆ ಇರಬೇಕು. ಸಮೂಹ ಸಂಪನ್ಮೂಲ ವ್ಯಕ್ತಿಯ ಮುಂದೆ ಶಿಕ್ಷಕನು ತನ್ನ ತೊಡಕನ್ನು ಬಿಚ್ಚಿ ಹೇಳಬೇಕು; ಹೇಳಿದ್ದೇ ನಾಳೆ ತನ್ನ ಮೇಲಿನ ದೋಷಾರೋಪವಾಗುವದೆಂಬ ಅಂಜಿಕೆಯಿದ್ದರೆ ಅವನು ಬಾಯಿ ಬಿಡುವದಿಲ್ಲ.

ಇಷ್ಟಕ್ಕೆಲ್ಲ ಅಧಿಕಾರಿಗಳೆಲ್ಲಿ, ಹಣವೆಲ್ಲಿ ಎಂದು ಕೇಳುವರು. ಹಿಲ್ಸ್‌ಬರೊದ ಶೋಧವೇ ಉತ್ತರವನ್ನು ಕೊಟ್ಟಿದೆ. ಪ್ರತಿಯೊಬ್ಬರೂ ಪೂರ್ಣ ಪಾಠವನ್ನು ನೋಡಬೇಕಾಗಿಲ್ಲ; ಒಬ್ಬರು ಪೂರ್ಣ ಪಾಠವನ್ನು ನೋಡಿ, ಇನ್ನು ಕೆಲವರು ಹದಿನೈದು ಹದಿನೈದು ನಿಮಿಷ ನೋಡಿದರೂ ಭರವಸೆಯು ಹೆಚ್ಚುವದು. ತಮ್ಮ ಶಾಲೆಯ ಮುಖ್ಯಾಧ್ಯಾಪಕರು ಒಬ್ಬರಾಗಲಿ, ನೆರೆಯ ಶಾಲೆಯ ಹಿರಿಯ ಶಿಕ್ಷಕರು ಇನ್ನೊಬ್ಬರಾಗಲಿ. ಮುಖ್ಯಾಧ್ಯಾಪಕರು ತಮ್ಮವರಿಗೆ ತುಸು ಉದಾರವಾಗಿ ಅಂಕ ಕೊಡುವರೆಂಬುದು ಅಲ್ಲಿಯೂ ಕಂಡುಬಂತು. ಆದರೆ ಒಳ್ಳೆಯವರಾರು, ಹಿಂದುಳಿದವರಾರು ಎಂಬುದರಲ್ಲಿ ಅವರಿಗೂ ಹೊರಗಿನವರಿಗೂ ಬಹಳ ಭೇದವಿರಲಿಲ್ಲ. ಆದುದರಿಂದ ಬೇಕಾದದ್ದು ಹೊಸ ಹುದ್ದೆಗಳಿಗಿಂತ ಹೆಚ್ಚಾಗಿ, ವರ್ಗದ ಬಾಗಿಲನ್ನು ಒಬ್ಬರಿಗೊಬ್ಬರು ತೆರೆಯುವ ಮನಸ್ಸು. ಈ ಮಾತು ತಮಗೂ ಸಂಬಂಧಿಸಿದ್ದು. ಅಧಿಕಾರಿಯ ಒಂದೇ ಕಣ್ಣು ಬೇಡವೆನ್ನುವವರು ಸಹಶಿಕ್ಷಕರ ಹಲವು ಕಣ್ಣುಗಳಿಗೆ ಹೆದರಬಾರದು.

ಕೊನೆಗೆ ಆ ಶಿಕ್ಷಕಿಯ ಸಂಗತಿ. ನಾವು ಉತ್ತರ ಬರೆದೆವು, ಮೇಲಿನವರು ಓದಿದರು, ನೋಟೀಸು ಅಲ್ಲಿಗೇ ನಿಂತಿತು. ನಾನು ಗೆದ್ದೆನೆಂದು ತಿಳಿದುಕೊಂಡಿದ್ದೆನು. ಮರುವರುಷ ಬೇರೆ ಕೆಲಸದ ಮೇಲೆ ಆ ಊರಿಗೆ ಹೋದಾಗ ಶಾಲೆಯನ್ನು ಹೊಕ್ಕೆನು. ಮಕ್ಕಳು ಸಾಲಾಗಿ ಕುಳಿತಿದ್ದರು, ಕೈಕಟ್ಟಿಕೊಂಡಿದ್ದರು. ಕಾರ್ಡುಗಳು ಗೂಡಿನಲ್ಲಿ ಅಚ್ಚುಕಟ್ಟಾಗಿದ್ದವು. ಸೂಜಿ ಬಿದ್ದರೂ ಕೇಳಿಸುವಂಥ ಮೌನ. ನಾನು ಶಿಕ್ಷಕಿಯ ಮುಖವನ್ನು ನೋಡಿದೆನು. "ಇನ್ನು ಯಾರು ಬಂದರೂ ಭಯವಿಲ್ಲ, ವಕೀಲ ಸಾಹೇಬರೇ," ಎಂದರು.

ಮಹನೀಯರೇ, ನೋಟೀಸು ಅವರ ನೌಕರಿಯನ್ನು ಕೆಡಿಸಲಿಲ್ಲ. ಆದರೆ ಆ ಮೂರು ವಾಕ್ಯಗಳು ಮೂರು ಇಯತ್ತೆಗಳ ಮಾತನ್ನು ಕಸಿದುಕೊಂಡವು. ಆ ಮಾತನ್ನು ಮಕ್ಕಳಿಗೆ ಮರಳಿ ಕೊಡುವ ಕೆಲಸವು ಯಾವ ಕೋರ್ಟಿನಿಂದಲೂ ಆಗಲಾರದು. ಅದು ನೋಡುವವರಿಂದಲೂ ತಮ್ಮಿಂದಲೂ ಆಗಬೇಕಾದದ್ದು.